ಸ್ಪೆಕ್ ಫೈಲಿನ ಒಂದು ಅಡ್ಡಗೆರೆ: ಪ್ಯಾಕೇಜಿನ ಫೈಲ್ ಅನುಮತಿಗಳ ಪ್ರಕರಣ ಅಧ್ಯಯನ

ಹಿನ್ನೆಲೆ

ಸಂಸ್ಥೆ, ತಂಡ, ತಂತ್ರಾಂಶ ಯಾವುದರ ನಿಜವಾದ ಹೆಸರೂ ಇಲ್ಲಿಲ್ಲ. ತಂತ್ರಾಂಶಕ್ಕೆ ‘ಸಂಗ್ರಾಹಕ’ ಎಂದು ಹೆಸರಿಟ್ಟುಕೊಳ್ಳೋಣ. ಪ್ರತಿ ಸರ್ವರಿನಲ್ಲೂ ಓಡುತ್ತಾ ಅಳತೆಗಳನ್ನು ಕಲೆಹಾಕಿ ಡೇಟಾಬೇಸಿಗೆ ಕಳಿಸುವ ಡೀಮನ್ ಅದು, ಒಳಬಳಕೆಗಾಗಿಯೇ ಬರೆದದ್ದು. ಸರ್ವರುಗಳೆಲ್ಲ ರೆಡ್ ಹ್ಯಾಟ್ ಕುಟುಂಬದ 9ನೇ ಆವೃತ್ತಿಯವು. ಹಾಗಾಗಿ ಸಂಗ್ರಾಹಕ, ಆ ಕುಟುಂಬದ ಲಿನಕ್ಸ್‌ನಲ್ಲಿ ತಂತ್ರಾಂಶ ಹಂಚುವ ರೂಪವಾದ ಆರ್‌ಪಿಎಂ ಪ್ಯಾಕೇಜಾಗಿ ಹೋಗುತ್ತಿತ್ತು.

ಪ್ಯಾಕೇಜಿನೊಳಗೆ ಹೆಚ್ಚೇನಿಲ್ಲ. ಡೀಮನ್‌ನ ಬೈನರಿ, ನೆಟ್‌ವರ್ಕ್ ತಲುಪುತ್ತದೆಯೇ ಎಂದು ನೋಡಲು ರಾ ಸಾಕೆಟ್ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ನೇರವಾಗಿ ಕಳಿಸುವ, ವಿಶೇಷ ಅಧಿಕಾರ ಬೇಕಾದ ದಾರಿ) ತೆರೆಯುವ ಪುಟ್ಟ ಸಹಾಯಕ ಬೈನರಿ, ಡೀಮನ್ ಎಬ್ಬಿಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲ್, ಬೆಳೆದ ಲಾಗನ್ನು ಪಕ್ಕಕ್ಕಿಟ್ಟು ಹೊಸದನ್ನು ತೆರೆಯುವ (ಲಾಗ್ ‘ಸುತ್ತುವ’) ಲಾಗ್‌ರೊಟೇಟ್‌ನ ಕಾನ್ಫಿಗ್ ತುಣುಕು, ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್. ಮೊದಲೆರಡು ಟಾರ್‌ಬಾಲ್‌ನಿಂದ (ಮೂಲ ಕೋಡಿನ ಕಟ್ಟಿನಿಂದ) ಕಂಪೈಲ್ ಆಗಿ ಬರುತ್ತವೆ. ಉಳಿದ ಮೂರು ಟಾರ್‌ಬಾಲ್‌ನ ಹೊರಗೆ, ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಸ್ಪೆಕ್ ಫೈಲಿನ ಜೊತೆಗೇ ಗಿಟ್‌ನಲ್ಲಿದ್ದವು. ಅವುಗಳನ್ನು ಸ್ಪೆಕ್‌ನ %ಇನ್‌ಸ್ಟಾಲ್ ವಿಭಾಗದಲ್ಲಿ ‘ಸಿಪಿ -ಎ’ ಆಜ್ಞೆಯಿಂದ ಬಿಲ್ಡ್‌ರೂಟ್‌ಗೆ (ಪ್ಯಾಕೇಜಿಗೆ ಸೇರುವ ಫೈಲುಗಳನ್ನು ಜೋಡಿಸಿಡುವ ತಾತ್ಕಾಲಿಕ ಡೈರೆಕ್ಟರಿಗೆ) ನಕಲಿಸಲಾಗುತ್ತಿತ್ತು. ಪ್ರಕರಣದ ಬೀಜ ಇರುವುದು ಈ ಮೂರು ಫೈಲುಗಳಲ್ಲಿ.

ಬಹುಕಾಲ ಪ್ಯಾಕೇಜು ತಯಾರಾಗುತ್ತಿದ್ದದ್ದು ಒಬ್ಬರೇ ನಿರ್ವಾಹಕರ ಲ್ಯಾಪ್‌ಟಾಪ್‌ನಲ್ಲಿ. ಅವರು ಬೇರೆ ಕಡೆ ಹೋದಾಗ ಬಿಲ್ಡ್ ಕೆಲಸವನ್ನು ಕಂಟೇನರ್‌ನಲ್ಲಿ ಓಡುವ ಸಿಐ ವ್ಯವಸ್ಥೆಗೆ (ಬಿಲ್ಡ್, ಪರೀಕ್ಷೆಗಳನ್ನು ತಾನೇ ನಡೆಸುವ ವ್ಯವಸ್ಥೆಗೆ) ವರ್ಗಾಯಿಸಿದರು. ಸ್ಪೆಕ್ ಫೈಲಿನ ಒಂದು ಅಕ್ಷರವೂ ಬದಲಾಗಲಿಲ್ಲ. ಬಿಲ್ಡ್ ಆಯಿತು, ಪ್ಯಾಕೇಜು ಇನ್‌ಸ್ಟಾಲ್ ಆಯಿತು, ಸರ್ವಿಸ್ ಎದ್ದು ನಿಂತಿತು.

ಕಾಣಿಸಿಕೊಂಡ ತೊಂದರೆ

ಕೆಲವು ವಾರಗಳ ನಂತರ ಬಂದ ದೂರಿಗೂ ಅನುಮತಿಗೂ ಸಂಬಂಧವಿದ್ದಂತೆ ಕಾಣಲಿಲ್ಲ: ಸರ್ವರುಗಳಲ್ಲಿ ಲಾಗ್‌ಗಳಿರುವ /ವಾರ್ ವಿಭಾಗ ತುಂಬುತ್ತಿದೆ. ಸಂಗ್ರಾಹಕದ ಲಾಗ್ ಸುತ್ತುತ್ತಲೇ ಇರಲಿಲ್ಲ. ಲಾಗ್‌ರೊಟೇಟ್‌ನ ಔಟ್‌ಪುಟ್ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು: ಈ ಫೈಲಿಗೆ ಗುಂಪು ಅಥವಾ ಇತರರು ಬರೆಯಬಹುದು, ಆದ್ದರಿಂದ ಕೈಬಿಟ್ಟಿದ್ದೇನೆ. ಫೈಲಿನ ಮೋಡ್ 0666 ಆಗಿತ್ತು. ಮೋಡ್ ಎಂದರೆ ಫೈಲಿನ ಅನುಮತಿಗಳ ಸಂಖ್ಯೆ: ಕೊನೆಯ ಮೂರು ಅಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಇತರರವು; ಪ್ರತಿ ಅಂಕಿಯೂ ಓದಲು 4, ಬರೆಯಲು 2, ಓಡಿಸಲು (ಎಕ್ಸಿಕ್ಯೂಟ್) 1 ಇವುಗಳ ಮೊತ್ತ.

ಲಾಗ್‌ರೊಟೇಟ್ ಹೀಗೆ ಹಟ ಹಿಡಿಯುವುದು ಸರಿಯೇ. ಅದು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡುತ್ತದೆ, ಅದರ ಕಾನ್ಫಿಗ್ ಒಳಗೆ ಶೆಲ್ ಆಜ್ಞೆಗಳನ್ನು ಬರೆಯಬಹುದು. ಯಾರು ಬೇಕಾದರೂ ತಿದ್ದಬಹುದಾದ ಫೈಲನ್ನು ಒಪ್ಪಿಕೊಂಡರೆ ರೂಟ್ ಅಧಿಕಾರವನ್ನೇ ಬಿಟ್ಟುಕೊಟ್ಟಂತೆ. ಸಿಸ್ಟಮ್‌ಡಿ ಇಷ್ಟು ಕಟ್ಟುನಿಟ್ಟಲ್ಲ. ಸರ್ವಿಸ್ ಫೈಲ್ ಎಲ್ಲರಿಗೂ ಬರೆಯಲು ತೆರೆದಿದ್ದರೆ ಜರ್ನಲ್‌ನಲ್ಲಿ (ತನ್ನ ಲಾಗ್‌ನಲ್ಲಿ) ಒಂದು ಎಚ್ಚರಿಕೆ ಬರೆದು, ‘ಆದರೂ ಮುಂದುವರಿಯುತ್ತೇನೆ’ ಎಂದು ಮುಂದುವರಿಯುತ್ತದೆ. ಆ ಎಚ್ಚರಿಕೆ ಮೊದಲ ದಿನದಿಂದಲೂ ಜರ್ನಲ್‌ನಲ್ಲಿತ್ತು. ಯಾರೂ ಓದಿರಲಿಲ್ಲ.

ಮೊದಲ ಎರಡು ಪ್ರಯತ್ನಗಳು

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಕಾನ್ಫಿಗರೇಶನ್ ನಿರ್ವಹಣೆಯ ಸಾಧನದಿಂದ ಎಲ್ಲ ಸರ್ವರುಗಳಲ್ಲೂ ಲಾಗ್‌ರೊಟೇಟ್ ಫೈಲನ್ನು 0644 ಮಾಡಿದರು. ಲಾಗ್ ಸುತ್ತತೊಡಗಿತು. ಮುಂದಿನ ಪ್ಯಾಕೇಜ್ ಅಪ್‌ಗ್ರೇಡ್ ಆದ ರಾತ್ರಿ ಮತ್ತೆ 0666.

ಇದು ಆರ್‌ಪಿಎಂನ ತಪ್ಪಲ್ಲ. %ಕಾನ್ಫಿಗ್(ನೋರಿಪ್ಲೇಸ್) ಎಂದು ಗುರುತು ಮಾಡಿದ ಫೈಲನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವಾಗ ಅದು ನೋಡುವುದು ಫೈಲಿನ ಒಳಗಿನ ಬರಹವನ್ನು. ಬರಹ ಹಾಗೇ ಇದ್ದು ಮೋಡ್ ಮಾತ್ರ ಬದಲಾಗಿದ್ದರೆ, ಅದರ ಪಾಲಿಗೆ ಯಾರೂ ಫೈಲ್ ಮುಟ್ಟಿಲ್ಲ. ಪ್ಯಾಕೇಜಿನಲ್ಲಿರುವ ಮೋಡನ್ನೇ ಮತ್ತೆ ಹಾಕುತ್ತದೆ. ಸರ್ವರಿನಲ್ಲಿ ಮಾಡಿದ ಸಿಎಚ್‌ಮಾಡ್‌ನ (ಮೋಡ್ ಬದಲಿಸುವ ಆಜ್ಞೆಯ) ಆಯಸ್ಸು ಮುಂದಿನ ಅಪ್‌ಗ್ರೇಡ್‌ವರೆಗೆ ಮಾತ್ರ.

ಎರಡನೇ ಪ್ರಯತ್ನ ಬಿಲ್ಡ್‌ನಲ್ಲೇ ನಡೆಯಿತು. ದಿಕ್ಕು ಸರಿ, ವಿಧಾನ ತಪ್ಪು. %ಇನ್‌ಸ್ಟಾಲ್ ವಿಭಾಗದ ಕೊನೆಗೆ ಒಂದು ಸಾಲು ಸೇರಿಸಿದರು: ಬಿಲ್ಡ್‌ರೂಟ್ ಪೂರ್ತಿ ‘ಸಿಎಚ್‌ಮಾಡ್ -ಆರ್ 0755’. ಸರ್ವಿಸ್ ಫೈಲಿಗೂ ಕಾನ್ಫಿಗ್‌ಗೂ ಎಕ್ಸಿಕ್ಯೂಟ್ ಬಿಟ್ ಬರಬೇಕಿತ್ತು, ಆದರೆ ಬರಲಿಲ್ಲ. %ಇನ್‌ಸ್ಟಾಲ್ ಮುಗಿದ ಮೇಲೆ ಆರ್‌ಪಿಎಂ ತಾನೇ ಓಡಿಸುವ ಸ್ಕ್ರಿಪ್ಟುಗಳಲ್ಲಿ ಶೆಬ್ಯಾಂಗ್ ಸಾಲುಗಳನ್ನು (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕೆಂದು ಹೇಳುವ ಮೊದಲ ಸಾಲನ್ನು) ತಿದ್ದುವುದು ಒಂದಿದೆ. ಎಕ್ಸಿಕ್ಯೂಟ್ ಬಿಟ್ ಇದ್ದೂ ಶೆಬ್ಯಾಂಗ್ ಇಲ್ಲದ ಪಠ್ಯ ಫೈಲ್ ಸಿಕ್ಕರೆ, ಎಚ್ಚರಿಕೆ ಮುದ್ರಿಸಿ ಆ ಬಿಟ್ಟನ್ನು ಅದು ತೆಗೆದುಬಿಡುತ್ತದೆ. ಹೀಗೆ 0755 ಆಗಿದ್ದವು 0644 ಆಗಿ ಹೊರಬಂದವು. ಲಾಗ್‌ರೊಟೇಟ್ ತೃಪ್ತಿಯಾಯಿತು, ಸಿಸ್ಟಮ್‌ಡಿ ಗೊಣಗುವುದನ್ನು ನಿಲ್ಲಿಸಿತು, ಟಿಕೆಟ್ ಮುಚ್ಚಿತು.

ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಘಟ್ಟ ಇದೇ. ಕಣ್ಣಿಗೆ ಕಾಣುತ್ತಿದ್ದ ಲಕ್ಷಣಗಳೆಲ್ಲ ಮಾಯವಾದವು. ಕಾನ್ಫಿಗ್ ಫೈಲಿನ ಪಾಸ್‌ವರ್ಡ್ ಮಾತ್ರ ಸರ್ವರಿನ ಪ್ರತಿಯೊಬ್ಬ ಬಳಕೆದಾರನಿಗೂ ಓದಲು ಸಿಗುತ್ತಲೇ ಇತ್ತು.

ತಿರುವು ತಂದ ಕೋರಿಕೆ

ನಿಜ ಹೊರಬಿದ್ದದ್ದು ಭದ್ರತಾ ತಪಾಸಣೆಯಿಂದಲ್ಲ, ಒಂದು ಕೋರಿಕೆಯಿಂದ. ಬೇರೆ ತಂಡದ ಡೆವಲಪರ್ ಒಬ್ಬರ ಸ್ಕ್ರಿಪ್ಟು ಸಂಗ್ರಾಹಕದ ಕಾನ್ಫಿಗ್ ಓದಿ ಡೇಟಾಬೇಸಿನ ವಿಳಾಸ ತೆಗೆದುಕೊಳ್ಳುತ್ತಿತ್ತು. ಹೊಸ ಸರ್ವರುಗಳಲ್ಲಿ ಓಡುತ್ತಿತ್ತು, ಹಳೆಯವುಗಳಲ್ಲಿ ಅನುಮತಿ ಇಲ್ಲ ಎಂದು ನಿಲ್ಲುತ್ತಿತ್ತು. ‘ಹಳೆಯ ಸರ್ವರುಗಳನ್ನೂ ಹೊಸದರಂತೆ ಮಾಡಿಕೊಡಿ’ ಎಂದು ಅವರು ಕೇಳಿದರು.

ಟಿಕೆಟ್ ತೆಗೆದುಕೊಂಡವರು ಕೇಳಿದ್ದನ್ನು ಮಾಡಿಕೊಡುವ ಮೊದಲು ಆ ಕಾನ್ಫಿಗ್ ಫೈಲಿನ ಮೋಡನ್ನು ಹಲವು ಸರ್ವರುಗಳಲ್ಲಿ ಸ್ಟ್ಯಾಟ್ ಆಜ್ಞೆಯಿಂದ ನೋಡಿದರು. ಮೂರು ಬಗೆಯ ಉತ್ತರ ಬಂತು. ಹಳೆಯ ಸರ್ವರುಗಳಲ್ಲಿ 0640. ಸಿಐಗೆ ಹೋದ ಮೇಲೆ ಮೊದಲ ಬಾರಿ ಇನ್‌ಸ್ಟಾಲ್ ಆದವುಗಳಲ್ಲಿ 0666. ಎರಡನೇ ಪ್ರಯತ್ನದ ನಂತರ ಸೇರಿದವುಗಳಲ್ಲಿ 0644. ಹಳೆಯ ಸರ್ವರುಗಳು ಉಳಿದುಕೊಂಡದ್ದಕ್ಕೆ ಕಾರಣ ಆ ನೋರಿಪ್ಲೇಸ್ ಗುರುತೇ: ಪ್ರತಿ ಸರ್ವರಿನಲ್ಲೂ ಪಾಸ್‌ವರ್ಡ್ ತುಂಬಲು ಫೈಲನ್ನು ತಿದ್ದಲಾಗಿತ್ತು, ತಿದ್ದಿದ ಫೈಲನ್ನು ಅಪ್‌ಗ್ರೇಡ್ ಮುಟ್ಟಲಿಲ್ಲ, ಮೋಡನ್ನೂ ಮುಟ್ಟಲಿಲ್ಲ. ಲಾಗ್‌ರೊಟೇಟ್ ಫೈಲನ್ನು ಯಾರೂ ತಿದ್ದಿರಲಿಲ್ಲ, ಆದ್ದರಿಂದ ಅದು ಎಲ್ಲ ಕಡೆ ಕೆಟ್ಟಿತು.

ಈ ಮೂರರಲ್ಲಿ ಸರಿ ಯಾವುದು? ಸ್ಪೆಕ್ ಫೈಲ್ ನೋಡಿದರೆ %ಫೈಲ್ಸ್ ವಿಭಾಗದಲ್ಲಿ ಕಾನ್ಫಿಗ್‌ನ ಸಾಲು ಹೀಗಿತ್ತು: %ಅಟ್ರ್(-, ರೂಟ್, ಸಂಗ್ರಾಹಕ). ಮಾಲೀಕ ಯಾರು, ಗುಂಪು ಯಾವುದು ಎಂದು ಬರೆದಿದೆ. ಮೋಡ್ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ. ಅಡ್ಡಗೆರೆಯ ಅರ್ಥ, ಬಿಲ್ಡ್‌ರೂಟ್‌ನಲ್ಲಿ ಆ ಫೈಲಿಗೆ ಏನು ಮೋಡ್ ಇದೆಯೋ ಅದೇ ಇರಲಿ. ಬಿಲ್ಡ್‌ರೂಟ್‌ಗೆ ಅದು ಬಂದದ್ದು ‘ಸಿಪಿ -ಎ’ ಮೂಲಕ, ಎಂದರೆ ಮೂಲ ಫೈಲಿನ ಮೋಡ್ ಹಾಗೇ. ಮೂಲ ಫೈಲಿನ ಮೋಡ್ ಲ್ಯಾಪ್‌ಟಾಪ್‌ನಲ್ಲಿ 0640, ಯಾವಾಗಲೋ ಕೈಯಲ್ಲಿ ಮಾಡಿದ್ದು. ಗಿಟ್ ಆ 0640 ಅನ್ನು ಎಂದೂ ದಾಖಲಿಸಿಲ್ಲ. ಸಾಮಾನ್ಯ ಫೈಲಿನ ಬಗ್ಗೆ ಗಿಟ್ ನೆನಪಿಡುವುದು ಎಕ್ಸಿಕ್ಯೂಟ್ ಬಿಟ್ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ. ಉಳಿದದ್ದನ್ನು ಕ್ಲೋನ್ ಮಾಡುವಾಗಿನ ಯುಮಾಸ್ಕ್ (ಹೊಸ ಫೈಲಿನಿಂದ ಯಾವ ಅನುಮತಿಗಳನ್ನು ಕಳೆಯಬೇಕು ಎಂಬ ಸಂಖ್ಯೆ) ತೀರ್ಮಾನಿಸುತ್ತದೆ. ಈ ಸಿಐ ವ್ಯವಸ್ಥೆ ಕ್ಲೋನ್ ಮಾಡುವಾಗ ಯುಮಾಸ್ಕ್ 0000 ಇತ್ತು, ಆದ್ದರಿಂದ 0666.

‘ಆರ್‌ಪಿಎಂಬಿಲ್ಡ್ ತಾನೇ ಯುಮಾಸ್ಕ್ 022 ಹಾಕಿಕೊಳ್ಳುತ್ತದಲ್ಲ?’ ಎಂಬ ಪ್ರಶ್ನೆ ಚರ್ಚೆಯಲ್ಲಿ ಬಂತು. ಹಾಕಿಕೊಳ್ಳುವುದು ಹೌದು. ಆದರೆ ಯುಮಾಸ್ಕ್ ಅನ್ವಯವಾಗುವುದು ಹೊಸದಾಗಿ ಹುಟ್ಟುವ ಫೈಲಿಗೆ; ‘ಸಿಪಿ -ಎ’ ನಕಲಿಸಿದ ನಂತರ ಮೂಲದ ಮೋಡನ್ನು ಬೇಕೆಂದೇ ಮತ್ತೆ ಹಾಕುತ್ತದೆ. ಟಾರ್‌ಬಾಲ್ ಬಿಚ್ಚಿದ ಮೇಲೆ %ಸೆಟಪ್ ಹಂತ ಗುಂಪು ಮತ್ತು ಇತರರ ಬರೆಯುವ ಬಿಟ್ಟುಗಳನ್ನು ತೆಗೆಯುವುದೂ ನಿಜವೇ. ಆ ಶುದ್ಧೀಕರಣ ಟಾರ್‌ಬಾಲ್‌ನೊಳಗಿನ ಫೈಲುಗಳಿಗೆ ಮಾತ್ರ. ಪಕ್ಕದಲ್ಲಿಟ್ಟ ಮೂರು ಫೈಲುಗಳಿಗೆ ಅದು ತಾಗಲಿಲ್ಲ. ಎರಡೂ ಬೈನರಿಗಳು ಸರಿಯಾಗಿದ್ದು ಈ ಮೂರೇ ಕೆಟ್ಟಿದ್ದೇಕೆ ಎಂಬುದಕ್ಕೆ ಉತ್ತರ ಇಷ್ಟೇ.

ಡೆವಲಪರ್ ಕೋರಿಕೆ ತಿರಸ್ಕೃತವಾಯಿತು. ವಿಳಾಸ ಮಾತ್ರ ಇರುವ, ಎಲ್ಲರೂ ಓದಬಹುದಾದ ಬೇರೆ ಫೈಲೊಂದನ್ನು ಅವರಿಗೆ ಮಾಡಿಕೊಟ್ಟರು.

ರಿಪೇರಿಗೆ ಮೊದಲು ಮಾಡಿದ್ದು

ಸರ್ವಿಸ್ ಫೈಲ್ ಕೆಲವು ವಾರ 0666 ಆಗಿತ್ತು ಎಂದರೆ ಆ ಅವಧಿಯಲ್ಲಿ ಯಾವ ಸಾಮಾನ್ಯ ಬಳಕೆದಾರ ಬೇಕಾದರೂ ಅದರಲ್ಲಿ ತನ್ನ ಆಜ್ಞೆ ಸೇರಿಸಿ, ಮುಂದಿನ ರೀಬೂಟ್‌ಗೆ ಕಾದು, ರೂಟ್ ಆಗಿ ಓಡಿಸಬಹುದಿತ್ತು. ಆದ್ದರಿಂದ ಮೋಡ್ ತಿದ್ದುವ ಮೊದಲು ಬರಹ ಪರೀಕ್ಷಿಸಿದರು. ‘ಆರ್‌ಪಿಎಂ -ವಿ’ (ದೊಡ್ಡಕ್ಷರದ ವಿ) ಪ್ರತಿ ಫೈಲನ್ನೂ ಪ್ಯಾಕೇಜಿನ ದಾಖಲೆಯೊಂದಿಗೆ ಹೋಲಿಸುತ್ತದೆ. ಸಾಲಿನ ಮೊದಲಲ್ಲಿ 5 ಬಂದರೆ ಬರಹ ಬದಲಾಗಿದೆ, ಎಂ ಬಂದರೆ ಮೋಡ್, ಯು ಮತ್ತು ಜಿ ಬಂದರೆ ಮಾಲೀಕ ಮತ್ತು ಗುಂಪು. ಸರ್ವಿಸ್ ಫೈಲ್, ಲಾಗ್‌ರೊಟೇಟ್ ಫೈಲ್ ಎರಡರಲ್ಲೂ ಎಲ್ಲಿಯೂ 5 ಬರಲಿಲ್ಲ. ಇದರ ಮಿತಿ ಗೊತ್ತಿರಲಿ: ತಿದ್ದಿ, ಬಳಸಿ, ಮತ್ತೆ ಮೊದಲಿನಂತೆ ಮಾಡಿಟ್ಟವರನ್ನು ಇದು ಹಿಡಿಯದು; ನಡುವೆ ಬಂದ ಅಪ್‌ಗ್ರೇಡ್ ಕೂಡ ಸರ್ವಿಸ್ ಫೈಲಿನ ತಿದ್ದುಪಡಿಯನ್ನು ಅಳಿಸಿಹಾಕಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ 5 ಬರುವುದು ಸಹಜ, ಅದನ್ನು ನಿರ್ವಹಣಾ ಸಾಧನದ ಪ್ರತಿಯೊಂದಿಗೆ ಹೋಲಿಸಿದರು.

ಓದಲು ತೆರೆದಿದ್ದ ಪಾಸ್‌ವರ್ಡ್ ವಿಷಯದಲ್ಲಿ ‘ಯಾರಾದರೂ ಓದಿದರೇ’ ಎಂದು ಹುಡುಕುತ್ತ ಕೂರಲಿಲ್ಲ, ಬದಲಾಯಿಸಿದರು. ಡೆವಲಪರ್‌ನ ಸ್ಕ್ರಿಪ್ಟು ಓದಿದ್ದಂತೂ ಗೊತ್ತೇ ಇತ್ತು.

ಸ್ಪೆಕ್ ಫೈಲಿನ ಹೊಸ ರೂಪ

ಕೋಡ್ ಮುಟ್ಟುವ ಮೊದಲು ಪ್ಯಾಕೇಜಿನ ಪ್ರತಿ ಫೈಲು, ಡೈರೆಕ್ಟರಿಯ ಎದುರು ಮೋಡ್, ಮಾಲೀಕ, ಗುಂಪು ಬರೆದ ಪಟ್ಟಿ ಮಾಡಿದರು. ಡೀಮನ್‌ನ ಬೈನರಿ 0755, ಸರ್ವಿಸ್ ಮತ್ತು ಲಾಗ್‌ರೊಟೇಟ್ 0644, ಇವೆಲ್ಲ ರೂಟ್‌ನವು. /ಇಟಿಸಿ ಒಳಗಿನ ಸಂಗ್ರಾಹಕ ಡೈರೆಕ್ಟರಿ 0750, ಕಾನ್ಫಿಗ್ 0640, ಎರಡಕ್ಕೂ ಮಾಲೀಕ ರೂಟ್, ಗುಂಪು ಸಂಗ್ರಾಹಕ: ಸರ್ವಿಸ್ ತನ್ನ ಕಾನ್ಫಿಗ್ ಓದಬಹುದು, ತಿದ್ದಲಾಗದು. ಲಾಗ್ ಡೈರೆಕ್ಟರಿ 0750, ಅದರ ಮಾಲೀಕ ಮಾತ್ರ ಸಂಗ್ರಾಹಕ ಬಳಕೆದಾರ. ಪಟ್ಟಿ ಬರೆಯಲು ಅರ್ಧ ಗಂಟೆ ಸಾಕು. ವಾದ ಹುಟ್ಟುವುದು ಅದರಲ್ಲಿನ ಒಂದೆರಡು ಸಾಲಿಗೆ ಮಾತ್ರ, ಆ ವಾದ ನಡೆಯಲೇಬೇಕಾದದ್ದು.

ನಂತರ %ಇನ್‌ಸ್ಟಾಲ್‌ನಿಂದ ‘ಸಿಪಿ -ಎ’ ಮತ್ತು ‘ಸಿಎಚ್‌ಮಾಡ್ -ಆರ್’ ಎರಡೂ ಹೋದವು. ಫೈಲುಗಳಿಗೆ ‘ಇನ್‌ಸ್ಟಾಲ್ -ಡಿ -ಪಿ -ಎಂ 0644’ (ಡಿ ದೊಡ್ಡಕ್ಷರ), ಡೈರೆಕ್ಟರಿಗಳಿಗೆ ‘ಇನ್‌ಸ್ಟಾಲ್ -ಡಿ -ಎಂ 0750’ (ಇಲ್ಲಿ ಚಿಕ್ಕಕ್ಷರ) ಬಂದವು. ಇನ್‌ಸ್ಟಾಲ್ ಆಜ್ಞೆ ಮೂಲದ ಮೋಡನ್ನು ನೋಡುವುದೇ ಇಲ್ಲ, ಹೇಳಿದ್ದನ್ನು ಹಾಕುತ್ತದೆ. ಬಿಲ್ಡ್ ನಡೆಯುವುದು ಸಾಮಾನ್ಯ ಬಳಕೆದಾರನಾಗಿ, ಅಲ್ಲಿ ಬೇರೆಯವರ ಹೆಸರಿಗೆ ಫೈಲ್ ಕೊಡಲಾಗದು. ಹಾಗಾಗಿ ರೂಟ್ ಅಲ್ಲದ ಮಾಲೀಕ ಅಥವಾ ಗುಂಪು ಬೇಕಾದ ಕಡೆಯೆಲ್ಲ %ಫೈಲ್ಸ್‌ನಲ್ಲಿ %ಅಟ್ರ್ ಬರೆದರು, ಈ ಬಾರಿ ಅಡ್ಡಗೆರೆ ಇಲ್ಲದೆ: %ಅಟ್ರ್(0640, ರೂಟ್, ಸಂಗ್ರಾಹಕ).

ಇಲ್ಲೊಂದು ಹಳ್ಳ ಇದೆ. %ಅಟ್ರ್(0750, …) ಎಂದು ಬರೆದು ಮುಂದೆ ಬರೀ ಡೈರೆಕ್ಟರಿಯ ಹೆಸರು ಕೊಟ್ಟರೆ, ಆರ್‌ಪಿಎಂ ಅದರೊಳಗಿನ ಎಲ್ಲವನ್ನೂ ಸೇರಿಸಿಕೊಂಡು ಒಳಗಿನ ಫೈಲುಗಳಿಗೂ 0750 ಹಾಕುತ್ತದೆ. ಕಾನ್ಫಿಗ್ ಎಕ್ಸಿಕ್ಯೂಟಬಲ್ ಆಗುವುದು ಹೀಗೆ. ಡೈರೆಕ್ಟರಿಗೆ ಮಾತ್ರ ಎಂದು ಹೇಳಲು ಸಾಲಿನಲ್ಲಿ %ಡಿರ್ ಇರಲೇಬೇಕು, ಒಳಗಿನ ಫೈಲನ್ನು ಬೇರೆ ಸಾಲಿನಲ್ಲಿ ಕೊಡಬೇಕು.

ಸಹಾಯಕ ಬೈನರಿಯ ಕಥೆ ಬೇರೆ. ಅದಕ್ಕೆ ಸೆಟ್‌ಯುಐಡಿ (ಯಾರು ಓಡಿಸಿದರೂ ಮಾಲೀಕನ, ಇಲ್ಲಿ ರೂಟ್‌ನ, ಅಧಿಕಾರದಲ್ಲಿ ಓಡಿಸುವ ಬಿಟ್) ಬೇಕಿತ್ತು, ಅದನ್ನು ಫೈಲುಗಳು ಕೂತ ಮೇಲೆ ಓಡುವ %ಪೋಸ್ಟ್ ಸ್ಕ್ರಿಪ್ಟಿನಲ್ಲಿ ‘ಸಿಎಚ್‌ಮಾಡ್ 4755’ ಮಾಡಿ ಕೊಡುತ್ತಿದ್ದರು. ಹೀಗೆ ಮಾಡಿದರೆ ಆರ್‌ಪಿಎಂನ ದಾಖಲೆಯಲ್ಲಿ 0755, ಡಿಸ್ಕಿನಲ್ಲಿ 4755. ಪರೀಕ್ಷಿಸಿದಾಗಲೆಲ್ಲ ಎಂ ಅಕ್ಷರ ಕಾಣುತ್ತದೆ. ಸುಳ್ಳು ಎಚ್ಚರಿಕೆಗೆ ಒಗ್ಗಿದ ಕಣ್ಣು ನಿಜವಾದ ಎಂ ಬಂದಾಗಲೂ ದಾಟಿಕೊಂಡು ಹೋಗುತ್ತದೆ. ಅದರ ಬದಲು %ಫೈಲ್ಸ್‌ನಲ್ಲಿ %ಕ್ಯಾಪ್ಸ್ ಬಳಸಿ ‘ಕ್ಯಾಪ್_ನೆಟ್_ರಾ’ ಸಾಮರ್ಥ್ಯ ಒಂದನ್ನೇ ಕೊಟ್ಟು, ಮೋಡನ್ನು 0750 ಮಾಡಿ, ಗುಂಪನ್ನು ಸಂಗ್ರಾಹಕ ಮಾಡಿದರು. ರಾ ಸಾಕೆಟ್ ತೆರೆಯಲು ಅಷ್ಟೇ ಸಾಕು, ಪೂರ್ತಿ ರೂಟ್ ಆಗಬೇಕಿಲ್ಲ. ಈ ಸಾಮರ್ಥ್ಯವನ್ನು %ಇನ್‌ಸ್ಟಾಲ್‌ನಲ್ಲಿ ಸೆಟ್‌ಕ್ಯಾಪ್ ಆಜ್ಞೆಯಿಂದ ಹಾಕಲು ಹೋಗಬಾರದು: ಬಿಲ್ಡ್ ಬಳಕೆದಾರನಿಗೆ ಆ ಅಧಿಕಾರವಿಲ್ಲ.

%ಪೋಸ್ಟ್‌ನಲ್ಲಿದ್ದ ‘ಸಿಎಚ್‌ಓನ್ -ಆರ್’ ಸಾಲನ್ನೂ ತೆಗೆದರು. ಸರ್ವಿಸ್ ಬಳಕೆದಾರ ಬರೆಯಬಹುದಾದ ಡೈರೆಕ್ಟರಿಯ ಮೇಲೆ ರೂಟ್ ಕಣ್ಣುಮುಚ್ಚಿ ಮಾಲೀಕತ್ವ ಬದಲಿಸುವುದು ಒಳ್ಳೆಯದಲ್ಲ. ಆ ಬಳಕೆದಾರ ಅಲ್ಲಿ ಏನು ಇಟ್ಟಿದ್ದಾನೆ, ಯಾವುದರ ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಮಾಡಿದ್ದಾನೆ ಎಂಬುದು ಸ್ಕ್ರಿಪ್ಟಿಗೆ ತಿಳಿಯದು.

ಸರಿಯಾದ ಪ್ಯಾಕೇಜು ಹೊಸ ಸರ್ವರಿನಲ್ಲಿ ಬಿದ್ದದ್ದು

ಅಪ್‌ಗ್ರೇಡ್ ಮಾಡಿದ ಸರ್ವರುಗಳಲ್ಲೆಲ್ಲ ಹೊಸ ಪ್ಯಾಕೇಜು ಸರಾಗವಾಗಿ ಕೂತಿತು. ಹೊಚ್ಚಹೊಸ ಸರ್ವರಿನಲ್ಲಿ ಡೀಮನ್ ಏಳಲಿಲ್ಲ: ಕಾನ್ಫಿಗ್ ಓದಲು ಅನುಮತಿ ಇಲ್ಲ. ಫೈಲ್ 0640 ಸರಿಯಾಗಿತ್ತು, ಗುಂಪು ಮಾತ್ರ ರೂಟ್ ಆಗಿತ್ತು.

ಸಂಗ್ರಾಹಕ ಬಳಕೆದಾರನನ್ನು ಸೃಷ್ಟಿಸುತ್ತಿದ್ದದ್ದೂ %ಪೋಸ್ಟ್‌ನಲ್ಲೇ. ಆರ್‌ಪಿಎಂ ಫೈಲುಗಳನ್ನು ಬಿಚ್ಚುವುದು %ಪ್ರಿ ಸ್ಕ್ರಿಪ್ಟು ಆದ ಮೇಲೆ, %ಪೋಸ್ಟ್‌ಗೆ ಮೊದಲು. ಬಿಚ್ಚುವ ಹೊತ್ತಿಗೆ ಬಳಕೆದಾರನಾಗಲಿ ಗುಂಪಾಗಲಿ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ, ಒಂದು ಎಚ್ಚರಿಕೆ ಮುದ್ರಿಸಿ ರೂಟ್ ಹೆಸರಿಗೆ ಬರೆದು ಮುಂದೆ ಹೋಗುತ್ತದೆ. ಹಿಂದೆ ಈ ದೋಷವನ್ನು ಸಿಎಚ್‌ಓನ್ ಸಾಲು ಮುಚ್ಚಿಹಾಕಿತ್ತು. ಒಂದು ವೇಳೆ ಆ ಸಾಲು ಇಲ್ಲದಿದ್ದರೂ 0644 ಮೋಡ್ ಮುಚ್ಚಿಹಾಕುತ್ತಿತ್ತು. ಸಡಿಲ ಅನುಮತಿ ಮಾಲೀಕತ್ವದ ತಪ್ಪನ್ನು ಬಚ್ಚಿಡುತ್ತದೆ, ಬಿಗಿ ಮಾಡಿದ ದಿನ ಎಲ್ಲ ಒಟ್ಟಿಗೆ ಹೊರಬರುತ್ತವೆ. ಇಂಥ ಹೊತ್ತಿನಲ್ಲಿ ಬಿಗಿ ಮಾಡಿದ್ದೇ ತಪ್ಪು ಎಂದು ಹಿಂದೆ ಸರಿಯುವ ಒತ್ತಡ ಬಲವಾಗಿರುತ್ತದೆ. ಇಲ್ಲೂ ‘ಸದ್ಯಕ್ಕೆ 0644 ಮಾಡಿಬಿಡೋಣ’ ಎಂಬ ಸಲಹೆ ಬಂದಿತ್ತು.

ಅದನ್ನು ಒಪ್ಪದೆ, ಬಳಕೆದಾರನ ಸೃಷ್ಟಿಯನ್ನು %ಪ್ರಿಗೆ ಸರಿಸಿದರು, ಯೂಸರ್‌ಆಡ್ ಇರುವ ಶ್ಯಾಡೋ-ಯುಟಿಲ್ಸ್ ಪ್ಯಾಕೇಜನ್ನು %ಪ್ರಿ ಹಂತದ ಅವಲಂಬನೆಯಾಗಿ ಘೋಷಿಸಿದರು. ಆರ್‌ಪಿಎಂ 4.19ರಿಂದ ಈಚೆಗೆ ಬೇಕಾದ ಬಳಕೆದಾರರನ್ನು ಘೋಷಿಸುವ ಸಿಸ್‌ಯೂಸರ್ಸ್ ಫೈಲ್ ಪ್ಯಾಕೇಜಿನಲ್ಲಿದ್ದರೆ ಆ ಕೆಲಸವನ್ನು ಆರ್‌ಪಿಎಂ ತಾನೇ ಮಾಡಿಕೊಳ್ಳುತ್ತದೆ. 9ನೇ ಆವೃತ್ತಿಯ ಸರ್ವರುಗಳಲ್ಲಿರುವುದು ಅದಕ್ಕಿಂತ ಹಳೆಯದು.

ಇನ್ನೊಂದು ಕೆಲಸ ಉಳಿದಿತ್ತು. ಕಾನ್ಫಿಗ್ 0666 ಅಥವಾ 0644 ಆಗಿಯೇ ಇನ್‌ಸ್ಟಾಲ್ ಆಗಿದ್ದ ಸರ್ವರುಗಳಲ್ಲಿ ಸರಿಯಾದ ಪ್ಯಾಕೇಜು ಬಂದರೂ ಅದು ಹಾಗೇ ಉಳಿಯಿತು. ತಿದ್ದಿದ ಫೈಲನ್ನು ಅಪ್‌ಗ್ರೇಡ್ ಮುಟ್ಟುವುದಿಲ್ಲ ಎಂಬ ನಿಯಮ ಹಳೆಯ ಸರ್ವರುಗಳನ್ನು ಕಾಪಾಡಿತ್ತು, ಈಗ ಅದೇ ನಿಯಮ ಅಡ್ಡ ಬಂತು. ಅಲ್ಲೆಲ್ಲ ಒಮ್ಮೆ ‘ಆರ್‌ಪಿಎಂ --ರಿಸ್ಟೋರ್’ ಓಡಿಸಿದರು. ಬರಹವನ್ನು ಮುಟ್ಟದೆ ಮಾಲೀಕ, ಗುಂಪು, ಮೋಡ್, ಸಾಮರ್ಥ್ಯ ನಾಲ್ಕನ್ನೂ ದಾಖಲೆಗೆ ತಕ್ಕಂತೆ ಮಾಡುತ್ತದೆ. ಆ ಆಯ್ಕೆ ಇಲ್ಲದ ಹಳೆಯ ಆವೃತ್ತಿಗಳಲ್ಲಿ ಮೊದಲು ‘--ಸೆಟ್‌ಯುಜಿಐಡಿಎಸ್’, ಆಮೇಲೆ ‘--ಸೆಟ್‌ಪರ್ಮ್ಸ್’ ಓಡಿಸಬೇಕು. ಕ್ರಮ ತಿರುಗುಮುರುಗಾದರೆ ಮಾಲೀಕನನ್ನು ಬದಲಿಸುವಾಗ ಕರ್ನಲ್ ಸೆಟ್‌ಯುಐಡಿ ಬಿಟ್ಟನ್ನು ಅಳಿಸಿಬಿಡುತ್ತದೆ.

ಬಿಲ್ಡ್‌ನಲ್ಲಿ ಉಳಿದುಕೊಂಡ ಪರೀಕ್ಷೆಗಳು

ಕೈಯಿಂದ ಮಾಡಿದ ಆ ಪಟ್ಟಿ ಈಗ ಸ್ಪೆಕ್ ಫೈಲಿನ ಪಕ್ಕದಲ್ಲೇ ಗಿಟ್‌ನಲ್ಲಿದೆ. ಪ್ರತಿ ಬಿಲ್ಡ್ ಮುಗಿದಾಗ ತಯಾರಾದ ಪ್ಯಾಕೇಜಿನಿಂದ ಮೋಡ್, ಮಾಲೀಕ, ಗುಂಪು, ಹೆಸರುಗಳನ್ನು ಆರ್‌ಪಿಎಂನ ಕ್ವೆರಿ ಫಾರ್ಮ್ಯಾಟ್ ಮೂಲಕ ಹೊರತೆಗೆದು ಪಟ್ಟಿಯೊಂದಿಗೆ ಡಿಫ್ ಮಾಡುತ್ತಾರೆ. ವ್ಯತ್ಯಾಸ ಬಂದರೆ ಬಿಲ್ಡ್ ವಿಫಲ. ಮೋಡ್ ಬದಲಿಸುವವರು ಪಟ್ಟಿಯನ್ನೂ ಬದಲಿಸಬೇಕು, ಆಗ ಪರಿಶೀಲಿಸುವವರ ಕಣ್ಣಿಗೆ ಅದು ಬೀಳುತ್ತದೆ.

ವಾರಕ್ಕೊಮ್ಮೆ ಎರಡು ಬಾರಿ ಕ್ಲೋನ್ ಮಾಡಿ ಬಿಲ್ಡ್ ಮಾಡುತ್ತಾರೆ, ಒಂದು ಯುಮಾಸ್ಕ್ 000ರಲ್ಲಿ, ಇನ್ನೊಂದು 077ರಲ್ಲಿ. ಎರಡೂ ಪ್ಯಾಕೇಜುಗಳ ಮೋಡ್‌ಗಳು ಒಂದೇ ಆಗಿರಬೇಕು. ಎಲ್ಲಾದರೂ ಬೇರೆ ಬಂದರೆ ಆ ಫೈಲಿನ ಅನುಮತಿಯನ್ನು ಸ್ಪೆಕ್ ಹೇಳುತ್ತಿಲ್ಲ, ಬಿಲ್ಡ್ ಯಂತ್ರ ಹೇಳುತ್ತಿದೆ ಎಂದರ್ಥ. ಈ ಒಂದು ಪರೀಕ್ಷೆ ಮೊದಲೇ ಇದ್ದಿದ್ದರೆ ಸಿಐಗೆ ವರ್ಗಾಯಿಸುವ ಮುನ್ನವೇ ಅಡ್ಡಗೆರೆ ಸಿಕ್ಕಿಬೀಳುತ್ತಿತ್ತು.

ಜೊತೆಗೆ ಖಾಲಿ ಕಂಟೇನರ್‌ನಲ್ಲಿ ಹೊಸ ಇನ್‌ಸ್ಟಾಲ್: ಸಂಗ್ರಾಹಕ ಬಳಕೆದಾರನಾಗಿ ಕಾನ್ಫಿಗ್ ಓದಲು ಆಗಬೇಕು, ಯಾವ ವಿಶೇಷ ಅಧಿಕಾರವೂ ಇಲ್ಲದ ನೋಬಡಿ ಬಳಕೆದಾರನಾಗಿ ಓದಲು ಹೋದರೆ ಸೋಲಬೇಕು. ಎರಡನೆಯದನ್ನು ಬರೆಯುವುದನ್ನು ಬಹಳ ಮಂದಿ ಮರೆಯುತ್ತಾರೆ. ಪ್ಯಾಕೇಜಿನಲ್ಲಿ ತಪ್ಪು ಹುಡುಕುವ ಆರ್‌ಪಿಎಂಲಿಂಟ್ ಮಾತ್ರ 0640 ಕಂಡರೆ ‘ಎಲ್ಲರಿಗೂ ಓದಲಾಗದು’ ಎಂದು ತಕರಾರು ತೆಗೆಯುತ್ತದೆ. ಅದಕ್ಕೆ ಮಣಿದು 0644 ಮಾಡದೆ, ಕಾರಣ ಬರೆದು ಆ ಒಂದು ಫೈಲಿಗೆ ಫಿಲ್ಟರ್ ಹಾಕಿದ್ದಾರೆ.

ಇದೇ ತಂತ್ರಾಂಶವನ್ನು, ಬೇರೆ ಬಗೆಯ ಪ್ಯಾಕೇಜ್ ಬಳಸುವ ಡೆಬಿಯನ್ ಲಿನಕ್ಸ್‌ಗೆ ಕಟ್ಟುವ ಕೆಲಸ ಬಂದಾಗ ಪಟ್ಟಿ ಹಾಗೇ ಉಪಯೋಗಕ್ಕೆ ಬಂತು, ವಿಧಾನ ಬರಲಿಲ್ಲ. ಅಲ್ಲಿ ಡಿಎಚ್_ಫಿಕ್ಸ್‌ಪರ್ಮ್ಸ್ ಎಂಬ ಹಂತ ಗುಂಪು ಮತ್ತು ಇತರರ ಬರೆಯುವ ಬಿಟ್ಟುಗಳನ್ನು ತಾನೇ ತೆಗೆಯುತ್ತದೆ, ಎಂದರೆ 0666 ಅಲ್ಲಿ 0644 ಆಗುತ್ತಿತ್ತು. ಪಾಸ್‌ವರ್ಡ್ ಆಗಲೂ ಬಯಲಲ್ಲೇ. ಸೆಟ್‌ಯುಐಡಿ ಬಿಟ್ಟನ್ನೂ ಅದು ಕಿತ್ತುಹಾಕುತ್ತದೆ, ಆದ್ದರಿಂದ ವಿಶೇಷ ಮೋಡ್‌ಗಳನ್ನು ಅದಾದ ಮೇಲೆ ಹಾಕಬೇಕು. ಬಳಕೆದಾರನ ಸೃಷ್ಟಿ, ಕಾನ್ಫಿಗ್‌ನ ಗುಂಪು ಬದಲಾವಣೆ ಎರಡೂ ಅಲ್ಲಿ (%ಪೋಸ್ಟ್‌ನಂಥದ್ದೇ ಆದ) ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲೇ ನಡೆಯುವುದು ರೂಢಿ, ಏಕೆಂದರೆ ಪ್ಯಾಕೇಜಿನೊಳಗಿನ ಫೈಲುಗಳು ಸಾಮಾನ್ಯವಾಗಿ ರೂಟ್ ಹೆಸರಿನಲ್ಲೇ ಬರುತ್ತವೆ. ಮೊದಲೇ ಇರುವ ಡೈರೆಕ್ಟರಿಯ ಮೋಡನ್ನು ಅಲ್ಲಿನ ಇನ್‌ಸ್ಟಾಲ್ ಸಾಧನವಾದ ಡಿಪಿಕೆಜಿ ಅಪ್‌ಗ್ರೇಡ್‌ನಲ್ಲಿ ಬದಲಿಸುವುದೂ ಇಲ್ಲ. ಹಾಗಾಗಿ ಡೆಬಿಯನ್ ಪ್ಯಾಕೇಜಿನ ಪರೀಕ್ಷೆಯಲ್ಲಿ ಹೊಸ ಇನ್‌ಸ್ಟಾಲ್ ಒಂದೇ ಸಾಲದು: ಡೈರೆಕ್ಟರಿಯನ್ನು 0755 ಮಾಡಿಟ್ಟು, ಹಳೆಯ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿ, 0750ಕ್ಕೆ ಇಳಿಯಿತೇ ಎಂದು ನೋಡುವ ಒಂದು ಹೆಜ್ಜೆಯನ್ನೂ ಸೇರಿಸಿದ್ದಾರೆ.